ಎರಡು ಮಷೀನು, ನಡುವೆ ಒಂದು ವೈರು

ನಾನು ಹೋದಲ್ಲೆಲ್ಲ ಹೀಗೇ ಆಗುತ್ತದೆಯೋ, ಹೀಗೆ ಆಗುವ ಕಡೆಗೇ ನನ್ನನ್ನು ಕಳಿಸುತ್ತಾರೋ, ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಲ್ಲಿ ನಮ್ಮ ಡಾಕ್ಟರ್ ಸಾಹೇಬರ ಸ್ಕ್ಯಾನಿಂಗ್ ಸೆಂಟರ್‌ಗಳಿವೆ. ವಾರದ ಸಂತೆಗೆ ಹೋದಂತೆ ಅವರು ಒಂದೊಂದು ದಿನ ಒಂದೊಂದು ಊರಿಗೆ ಹೋಗುತ್ತಾರೆ. ಪ್ರತಿ ಊರಲ್ಲೂ ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ಓಡುವ ಎರಡೆರಡು ಕಂಪ್ಯೂಟರ್, ನಮ್ಮ ಬಾಯಲ್ಲಿ ಮಷೀನು. ದೊಡ್ಡದು ಸ್ಕ್ಯಾನ್ ಚಿತ್ರಗಳನ್ನೆಲ್ಲ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಸಣ್ಣದು ಅದನ್ನು ಕೇಳಿ ಇಸಿದುಕೊಂಡು ಸಾಹೇಬರಿಗೆ ತೋರಿಸುತ್ತದೆ. ನಡುವೆ ಇನ್ನೇನೂ ಇಲ್ಲ. ಇದರ ಬೆನ್ನಿಂದ ಅದರ ಬೆನ್ನಿಗೆ ನೇರ ಒಂದು ವೈರು. ಆ ಎರಡೂ ಮಷೀನು ಮಾತು ಬಿಡದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಸಾಹೇಬರು ಕೆಟ್ಟವರಲ್ಲ. ಆದರೆ ಚಿತ್ರ ಬರುವುದು ಎರಡು ನಿಮಿಷ ತಡವಾದರೆ ಅವರದು ಒಂದೇ ಮಾತು: "ನೋಡವಾ, ಇನ್ನೊಮ್ಮೆ ಹಿಂಗಾತಂದ್ರ ಈ ಕೆಲಸಾ ವಿಜಯಪುರದ ಏಜೆನ್ಸಿಯವ್ರಿಗೆ ಕೊಟ್ಟಬಿಡ್ತೇನಿ." ಈ ನಾಲ್ಕು ತಾಲೂಕಿನಲ್ಲಿ ಲಿನಕ್ಸ್ ಬಲ್ಲ ಹೆಂಗಸಿಗೆ ಎರಡನೆಯ ಕೆಲಸ ಯಾರಾದರೂ ತೋರಿಸಿದ್ದರೆ ನಾನೂ ಹೆದರುತ್ತಿರಲಿಲ್ಲ. ಮನೆಯಲ್ಲಿ ಅವ್ವ ಇದ್ದಾಳೆ, ಸಾಲಿಗೆ ಹೋಗುವ ಮಗಳಿದ್ದಾಳೆ. ಹೀಗಾಗಿ ಫೋನು ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ.

೧. ಮುದ್ದೇಬಿಹಾಳದ ನೀರು

"ಮೇಡಂ, ಚಿತ್ರಾ ಎಲ್ಲಾ ಹೋಗ್ಯಾವ್ರಿ. ಫೋಲ್ಡರ್ ಖಾಲಿ ಐತ್ರಿ" ಎಂದು ರಿಸೆಪ್ಷನ್ ಹುಡುಗಿ ಫೋನಿನಲ್ಲಿ ಅಳುದನಿಯಲ್ಲಿ ಹೇಳಿದಳು. ಸಿಕ್ಕ ಬಸ್ಸು ಹತ್ತಿದೆ. ಕೂರಲು ಜಾಗ ಸಿಗಲಿಲ್ಲ. ಇಳಿದಾಗ ಸೊಂಟ ಹಿಡಿದುಕೊಂಡಿತ್ತು. ಸೆಂಟರಿನ ಬಾಗಿಲಲ್ಲಿ ಹೊಸ ವಾಚಮನ್ ನಿಂತಿದ್ದ. ನನ್ನ ಮುಖ ನೋಡಿದ, ಸೊಂಟದ ಮೇಲಿನ ಕೈ ನೋಡಿದ, ಒಂದು ಚೀಟಿ ಕೊಟ್ಟ.

"ನಾ ಮಷೀನ ನೋಡಾಕ ಬಂದೇನಪಾ" ಎಂದೆ.

"ಇಲ್ಲಿ ಕುಂತವ್ರೆಲ್ಲಾ ಮಷೀನಕ್ಕ ಬಂದವ್ರರಿ ಅಕ್ಕಾರ. ಪಾಳಿ ಐತಿ. ಅಲ್ಲೀತನಕ ಹೊಟ್ಟಿ ತುಂಬ ನೀರು ಕುಡೀರಿ. ಇಲ್ಲಂದ್ರ ಒಳಗ ಬಿಡೂದಿಲ್ಲ."

ವಾದ ಮಾಡಲು ತ್ರಾಣ ಇರಲಿಲ್ಲ. ಬಾಯಾರಿಕೆಯೂ ಆಗಿತ್ತು. ಅವನು ತಂದುಕೊಟ್ಟ ಎರಡು ಬಾಟಲಿ ನೀರು ಕುಡಿದು ಕೂತೆ. ಅರ್ಧ ತಾಸಿನ ಮೇಲೆ ರಿಸೆಪ್ಷನ್ ಹುಡುಗಿ ಹೊರಗೆ ಬಂದು ನನ್ನನ್ನು ಕಂಡು ಹೌಹಾರಿ ಒಳಗೆ ಕರೆದೊಯ್ದಳು.

ಆಗಿದ್ದಿಷ್ಟೇ. ಕರೆಂಟು ಹೋಗಿ ಬಂದಾಗ ಸಣ್ಣ ಮಷೀನು ಮೊದಲು ಎದ್ದಿತ್ತು, ದೊಡ್ಡದು ಇನ್ನೂ ಏಳುತ್ತಿತ್ತು. ಸಣ್ಣದು ಒಮ್ಮೆ ಕೂಗಿ, ಓಗೊಡುವವರಿಲ್ಲ ಎಂದು ಖಾಲಿ ಫೋಲ್ಡರ್ ತೋರಿಸುತ್ತ ಕೂತಿತ್ತು. ದೊಡ್ಡದು ಎದ್ದ ಮೇಲೆ ಇನ್ನೊಮ್ಮೆ ಜೋಡಿಸಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ಅಷ್ಟರಲ್ಲೂ ನಾನು ಒಂದು ಸಲ ಎದ್ದು ಹೋಗಿ ಬರಬೇಕಾಯಿತು.

ಹೊರಡುವಾಗ ವಾಚಮನ್ ಕಾಳಜಿಯಿಂದ ಕೇಳಿದ: "ಹ್ಯಾಂಗ ಬಂತ್ರಿ ಅಕ್ಕಾರ?"

"ಎಲ್ಲಾ ಬರಾಬರಿ ಐತಪಾ."

"ನೋಡ್ರಿ, ನೀರು ಕುಡದಿದ್ದಕ್ಕ ಚೊಲೋ ಬಂತು."

೨. ಬಾಗೇವಾಡಿಯ ಆಯುಧ ಪೂಜೆ

ಆಯುಧ ಪೂಜೆಯ ಮರುದಿನ ಬಾಗೇವಾಡಿಯಲ್ಲಿ ಎರಡೂ ಮಷೀನು ಮಾತು ಬಿಟ್ಟವು. ಹೋಗಿ ನೋಡಿದೆ. ವೈರು ಸಿಕ್ಕಿಸುವ ತೂತಿನ ತುಂಬ ವಿಭೂತಿ. ಅಲ್ಲಿನ ಅಟೆಂಡರು ಬಹಳ ಭಕ್ತಿವಂತ. ಮುಂದೆ ಮೂರು ಬೆರಳು ಎಳೆದದ್ದು ಸಾಲದೆಂದು ವೈರು ಕಿತ್ತು ಹಿಂದೆಯೂ ಎಳೆದು, ಮತ್ತೆ ಸಿಕ್ಕಿಸಿದ್ದ.

"ಹಿಂದ ಯಾಕ ಹಚ್ಚಿದ್ಯೋ ಮಾರಾಯಾ?"

"ದೀಪಾ ಹತ್ತೂದು ಹಿಂದಲ್ರಿ ಮೇಡಂ? ಜೀವ ಅಲ್ಲೇ ಐತಿ ಅಂತ ತಿಳಕೊಂಡೆರಿ."

ಬ್ರಷ್ಷು ಹಿಡಿದು ಒಂದು ತಾಸು ಮಂಡಿಯೂರಿ ಸ್ವಚ್ಛ ಮಾಡಿದೆ. ಸಾಹೇಬರ ಫೋನು ಬಂತು, ಏಜೆನ್ಸಿಯ ಮಾತೂ ಬಂತು. ಹೊರಡುವ ಮುಂಚೆ ಅಟೆಂಡರಿಗೆ ಕೈಮುಗಿದು, "ಬರೂ ವರ್ಷ ಹಿಂದ ಮುಂದ ಎಲ್ಲೂ ಬ್ಯಾಡಪಾ. ಏನ ಪೂಜಾ ಮಾಡೂದಿದ್ರೂ ಮ್ಯಾಲ ಮುಚ್ಚಳದ ಮ್ಯಾಲ ಮಾಡು" ಎಂದೆ. ಅವನು ಶ್ರದ್ಧೆಯಿಂದ ತಲೆಯಾಡಿಸಿದ.

ಮರುವರ್ಷ ಆಯುಧ ಪೂಜೆಯ ದಿನವೇ ಫೋನು ಬಂತು. ಓಡಿಹೋದೆ. ತೂತು ಕನ್ನಡಿಯ ಹಾಗೆ ಸ್ವಚ್ಛ ಇತ್ತು. ಮುಚ್ಚಳ ಒಳಗೆ ತಗ್ಗಿ, ಅಂಚಿನಿಂದ ತೆಂಗಿನಕಾಯಿಯ ನೀರು ತೊಟ್ಟಿಕ್ಕುತ್ತಿತ್ತು.

"ಕಾಯಿ ಮಷೀನ ಮ್ಯಾಲ ಒಡದ್ಯೇನೋ?"

"ನೀವ ಹೇಳಿದ್ರಲ್ರಿ ಮೇಡಂ, ಎಲ್ಲಾ ಮ್ಯಾಲ ಮಾಡು ಅಂತ."

೩. ಸಿಂದಗಿಯ ಮನೆ ನಂಬರು

ಸಿಂದಗಿ ನನ್ನೂರು. ಅಲ್ಲಿ ಒಬ್ಬ ಹಿರಿಯ ಕಂಪೌಂಡರ್ ಇದ್ದಾರೆ, ಸೇವೆ ಮುಗಿಯಲು ಬಂದವರು. ಅವರಿಗೆ ಎಲ್ಲವನ್ನೂ ತಿಳಿದುಕೊಳ್ಳುವ ಹುಚ್ಚು. ಒಮ್ಮೆ ಚಹಾ ಕುಡಿಯುವಾಗ, ಮಷೀನು ಒಂದನ್ನೊಂದು ಹೇಗೆ ಗುರುತು ಹಿಡಿಯುತ್ತವೆ ಎಂದು ಕೇಳಿದರು. ಪ್ರತಿ ಮಷೀನಿಗೂ ಒಂದು ವಿಳಾಸ ಇರುತ್ತದೆ, ಮನೆ ನಂಬರ್ ಇದ್ದ ಹಾಗೆ ಎಂದು ಹೇಳಿದೆ. ಯಾವ ಪರದೆಯಲ್ಲಿ ಕಾಣುತ್ತದೆ ಎಂದೂ ತೋರಿಸಿದೆ. ನನ್ನ ನಾಲಿಗೆ ಸುಮ್ಮನಿರಬೇಕಿತ್ತು.

ವಾರದೊಳಗೆ ಚಿತ್ರ ನಿಂತವು. ನೋಡಿದರೆ ಎರಡೂ ಮಷೀನಿಗೆ ಒಂದೇ ನಂಬರು. ದೊಡ್ಡದು ಸಣ್ಣದನ್ನು ಕರೆಯಲು ಹೋದರೆ ತಾನೇ ಓಗೊಡುತ್ತಿತ್ತು.

"ಇದನ್ನ ಯಾರ ಬದಲ ಮಾಡಿದ್ರೀ?"

ಕಂಪೌಂಡರು ಸಂಕೋಚವೇ ಇಲ್ಲದೆ, "ನಾನ ಮಾಡೇನಿ ಮೇಡಂ. ನೀವು ತಪ್ಪು ಹಾಕಿದ್ರಿ. ಎರಡೂ ಒಂದ ಖೋಲ್ಯಾಗ ಅದಾವು. ಒಂದ ಮನ್ಯಾಗ ಇದ್ದವ್ರಿಗೆ ಎರಡು ಮನಿ ನಂಬರ ಹ್ಯಾಂಗ ಇರ್ತಾವ್ರಿ?" ಎಂದರು.

ನಾನು ತಲೆ ಹಿಡಿದುಕೊಂಡೆ. "ಕಾಕಾ, ನೀವೂ ಕಾಕೂನೂ ಗಂಡ ಹೆಂಡ್ತಿ, ಒಂದ ಮನ್ಯಾಗ ಅದೀರಿ. ನೀವು ಕಾಕೂಗ ಪತ್ರ ಬರದ್ರಿ ಅಂತ ತಿಳೀರಿ. ಇಬ್ಬರದೂ ಒಂದ ಹೆಸರು, ಒಂದ ವಿಳಾಸ ಇದ್ರ ಪೋಸ್ಟಮನ್ ಯಾರ ಕೈಗೆ ಕೊಡಬೇಕು?"

ಅವರು ತಲೆಯಾಡಿಸಿದರು. ಅರ್ಥವಾಯಿತು ಎಂದುಕೊಂಡೆ.

"ಮೇಡಂ," ಎಂದರು, "ಮೂವತ್ತು ವರ್ಷ ಒಂದ ಮನ್ಯಾಗ ಇದ್ದೇವಿ. ಮಾತಾಡೂದ ಏನೂ ಉಳದಿಲ್ಲ, ಪತ್ರ ಏನಂತ ಬರೀಲಿ?"

೪. ಇಂಡಿಯ ಹಸಿರು ದೀಪ

ಅವತ್ತು ಅಮಾವಾಸ್ಯೆ, ಇಂಡಿಯಲ್ಲಿ ಸಾಹೇಬರ ದಿನ. ಬೆಳಿಗ್ಗೆ ಹತ್ತಕ್ಕೆ ಅಲ್ಲಿನ ರಿಸೆಪ್ಷನ್ ಹುಡುಗಿ ಫೋನು ಮಾಡಿದಳು. "ಚಿತ್ರಾ ಬರವಲ್ವು ಮೇಡಂ. ಸಾಹೇಬ್ರು ಏಜೆನ್ಸಿಯವ್ರಿಗೆ ಖರೇನ ಫೋನ ಮಾಡ್ಯಾರ್ರಿ. ಎರಡು ಗಂಟೇಕ ಬರ್ತಾರಂತ."

ಇಷ್ಟು ದಿನ ಮಾತಿನಲ್ಲಿದ್ದ ಏಜೆನ್ಸಿ ಈಗ ಜೀಪು ಹತ್ತಿತ್ತು. ನಾನು ಬಸ್ಸು ಹತ್ತಿದೆ. ದಾರಿಯಲ್ಲೇ ಕೇಳಿದೆ: "ವೈರ ಸಿಗಿಸಿದಲ್ಲಿ ಹಸಿರು ದೀಪಾ ಐತೇನ ನೋಡವಾ."

"ಒಂದ ಕಡೆ ಅಲ್ರಿ, ವೈರಿನ ಎರಡೂ ತುದಿಗೂ ಐತ್ರಿ."

ಹಾಗಾದರೆ ವೈರು ಸರಿ ಇದೆ ಎಂದು ಮನಸ್ಸಿನಲ್ಲೇ ಅದಕ್ಕೊಂದು ಗೆರೆ ಎಳೆದೆ. ಅದೇ ನನ್ನ ತಪ್ಪು.

ಹನ್ನೆರಡಕ್ಕೆ ಮುಟ್ಟಿದೆ. ಹೊರಗೆ ಲಚ್ಯಾಣ, ತಾಂಬಾ ಕಡೆಯ ಮಂದಿ ಕಿಕ್ಕಿರಿದಿದ್ದರು. ತಾಂಬಾದ ಮುದುಕರೊಬ್ಬರು ಬಾಗಿಲಲ್ಲೇ ಹಿಡಿದರು. ಅವರ ಕಿಡ್ನಿಯ ಕಲ್ಲು ಹೋದ ಸಲಕ್ಕಿಂತ ಬೆಳೆದಿದೆಯೋ ಇಲ್ಲವೋ ನೋಡಬೇಕಿತ್ತು, ಹಳೆಯ ಚಿತ್ರ ದೊಡ್ಡ ಮಷೀನಿನಲ್ಲಿತ್ತು. "ತಂಗೀ, ನನ್ನ ಹಳೇ ಕಲ್ಲು ಕಳದೀರಂತ?" ಎಂದರು. ಹುಡುಕಿಕೊಡುತ್ತೇನೆ ಎಂದು ಒಳಗೆ ನುಗ್ಗಿದೆ.

ದೊಡ್ಡ ಮಷೀನಿನ ಮುಂದೆ ಕೂತು ಒಂದೊಂದೇ ನೋಡಿದೆ. ಡಿಸ್ಕ್ ಸರಿ. ಚಿತ್ರ ಹಂಚುವ ಸೇವೆ ಸರಿ. ಅವನ್ನು ತೆರೆಯುವ ಅನುಮತಿ ಸರಿ. ನಂಬರು ಎರಡೂ ಬೇರೆ ಬೇರೆ. ಸಣ್ಣದನ್ನು ಕೂಗಿದರೆ ಮಾತ್ರ ಉತ್ತರವಿಲ್ಲ. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಸಾಹೇಬರು ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರು. ಮಗಳ ಮುಖ ಕಣ್ಣೆದುರು ಬಂತು.

ಕೊನೆಗೆ ಮಾಡಲು ಬೇರೇನೂ ಉಳಿಯದೆ ನೆಲಕ್ಕೆ ಮಂಡಿಯೂರಿ ವೈರನ್ನು ಕೈಯಲ್ಲಿ ಹಿಡಿದು ಹೊರಟೆ. ದೊಡ್ಡ ಮಷೀನಿನ ಬೆನ್ನಿಂದ ಹೊರಟಿತು. ಟೇಬಲ್ಲಿನ ಕೆಳಗೆ ಹೋಯಿತು. ಖುರ್ಚಿಯ ಕಾಲು ಸುತ್ತಿತು. ಅಲ್ಲಿಂದ ತಿರುಗಿ ಬಂದು ಅದೇ ದೊಡ್ಡ ಮಷೀನಿನ ಬೆನ್ನಲ್ಲಿ ಪಕ್ಕದಲ್ಲೇ ಇದ್ದ ಎರಡನೆಯ ತೂತಿಗೆ ಸೇರಿತ್ತು. ಎರಡೂ ತುದಿ ಒಂದೇ ಮಷೀನಿನಲ್ಲಿ! ಎರಡಕ್ಕೂ ಹಸಿರು ದೀಪ. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಸಣ್ಣದರ ತೂತು ಖಾಲಿ ಇತ್ತು.

ಒಂದು ತುದಿ ಕಿತ್ತು ಸಣ್ಣದಕ್ಕೆ ಹಾಕಿದೆ. ಪರದೆಯ ತುಂಬ ಚಿತ್ರ ಬಂದವು. ಮುದುಕರ ಹಳೇ ಕಲ್ಲೂ ಬಂತು.

"ಏನಾಗಿತ್ತವಾ?" ಸಾಹೇಬರು ಕೇಳಿದರು.

"ಮುಂಜಾನಿಯಿಂದ ದೊಡ್ಡ ಮಷೀನು ತನ್ನ ಜೋಡಿ ತಾನ ಮಾತಾಡಾಕತ್ತಿತ್ರಿ ಸಾಹೇಬ್ರ."

ವೈರು ತೋರಿಸಿದೆ. ಅವರ ಮುಖ ಕೆಂಪಾಯಿತು. "ಯಾಂವ ಇದನ್ನ ಮಾಡಿದಾಂವ? ಇವತ್ತ ಅವನ್ನ ಕೆಲಸದಿಂದ ತಗೀತೇನಿ!"

ರಿಸೆಪ್ಷನ್ ಹುಡುಗಿ ಚಾವಣಿ ನೋಡಿದಳು. ಅಲ್ಲಿನ ಅಟೆಂಡರು ತನ್ನ ಚಪ್ಪಲಿ ನೋಡಿದ. ಕಡೆಗೆ ಮೂಲೆಯಲ್ಲಿ ನೆಲದ ಫರಸಿ ಒರೆಸುತ್ತಿದ್ದ ವಯಸ್ಸಾದ ಆಯಾ ಬೆನ್ನು ನೆಟ್ಟಗೆ ಮಾಡಿದಳು.

"ನೀವ ಅಲ್ರಿ ಸಾಹೇಬ್ರ? ಮುಂಜಾನಿ ಅಮಾಸಿ ಪೂಜಾಕ್ಕ ‘ಮಷೀನ ಯಾರೂ ಮುಟ್ಟಬ್ಯಾಡ್ರಿ, ನಾನ ಒರಸ್ತೇನಿ’ ಅಂತ ವೈರ ತಗದು ಒರಸಿದ್ರಿ. ತಿರಗಿ ಹಚ್ಚೂ ಮುಂದ ‘ಎರಡು ದೀಪಾ ಹತ್ತಿದ್ವು ನೋಡ್ರಿ, ಕಂಪ್ಯೂಟರ್ ಅಂದ್ರ ಇಷ್ಟ’ ಅಂತ ನಮಗೂ ಕರದು ತೋರಿಸಿದ್ರಿ."

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ ರಿಸೆಪ್ಷನ್ ಹುಡುಗಿಯ ಕಡೆ ತಿರುಗಿದರು.

"ಏಜೆನ್ಸಿಯವ್ರಿಗೆ ಫೋನ ಹಚ್ಚು. ಬರೂದು ಬ್ಯಾಡ ಅನ್ನು."

"ಯಾಕಂತ ಹೇಳ್ಲಿ ಸರ್?"

"ಏನರೆ ಹೇಳು. ಆ ಏಜೆನ್ಸಿಯವ್ರು ರಿಪೇರಿ ಮಾಡಿದ ಮ್ಯಾಲ, ಏನ ತಪ್ಪಾಗಿತ್ತು, ಯಾರ ಮಾಡಿದ್ರು, ಎಲ್ಲಾ ಬರದು ನಾಕೂ ಊರಿನ ಸೆಂಟರಿಗೆ ಕಳಸ್ತಾರಂತ. ನಮ್ಮಾಕಿ ಚೊಲೋ, ಏನೂ ಬರೆಯೂದಿಲ್ಲ." ನನ್ನ ಕಡೆ ನೋಡಿದರು. "ಹೌದಲ್ಲವಾ?"

"ಹೌದ್ರಿ ಸಾಹೇಬ್ರ," ಎಂದೆ. "ನನಗ ಬರಿಯೂ ಚಟಾನ ಇಲ್ರಿ."