ನವಾಬರ ಕುದುರೆ ಕಟ್ಟಿದ ಗೋಡೆ

ಗೊತ್ತಿಲ್ಲ ಎಂಬುದು ಮೂರೇ ಅಕ್ಷರದ ಮಾತು. ಆದರೆ ಮಕ್ಕಳಿಗೆ ಸಮಾಜ ಪಾಠ ಹೇಳುವ ನನ್ನಂಥ ಮೇಷ್ಟ್ರ ಬಾಯಲ್ಲಿ ಅದು ಬಿಸಿ ಮಿರ್ಚಿಯ ಹಾಗೆ ಹೊರಳಾಡುತ್ತದೆಯೇ ಹೊರತು ಹೊರಗೆ ಬೀಳುವುದಿಲ್ಲ. ಒಮ್ಮೆ ಆದೋನಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಿರಿಯರು ದೇವನಕೊಂಡದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಹತ್ತು ನಿಮಿಷ ಎಂದುಬಿಟ್ಟೆ. ಒಂದು ಗಂಟೆಯ ನಂತರ ತರಕಾರಿ ಚೀಲ ಹಿಡಿದು ಅದೇ ದಾರಿಯಲ್ಲಿ ಮರಳಿದರೆ ಅವರು ಇನ್ನೂ ಅಲ್ಲೇ ನಿಂತಿದ್ದರು, ನನ್ನನ್ನು ನಂಬಿಕೊಂಡು. ನಾನು ಹಿಂದಿನ ಗೇಟಿನಿಂದ ಮನೆಗೆ ಹೋದೆ. ಗ್ಯಾಸ್ ಸಿಲಿಂಡರ್ ಯಾವಾಗ ಬರುತ್ತದೆ ಎಂದು ನನ್ನ ಹೆಂಡತಿ ನನ್ನನ್ನು ಕೇಳುವುದು ಬಿಟ್ಟು ವರ್ಷಗಳಾದವು.

ಇಂಥವನಿಗೆ ನಮ್ಮ ಹೆಡ್‌ಮಾಸ್ಟರು ಒಂದು ಕೆಲಸ ಒಪ್ಪಿಸಿದರು. ಒಂಬತ್ತನೆಯ ತರಗತಿಯ ಮಕ್ಕಳನ್ನು ಹಳೇ ಬಜಾರದ ಬೀದಿಯಲ್ಲಿ ನಡೆಸಿಕೊಂಡು ಹೋಗಿ ಅಲ್ಲಿನ ಹಳೆಯ ಕಟ್ಟಡಗಳ ಚರಿತ್ರೆ ಹೇಳಬೇಕು. ಆ ಬೀದಿ ಕೋಟೆ ಗುಡ್ಡದ ಬುಡದಿಂದ ಹೊರಟು ಹತ್ತಿ ಮಾರ್ಕೆಟ್ಟಿನ ಕಡೆ ಇಳಿಯುತ್ತದೆ. ಕಲ್ಲಿನ ಕಮಾನು, ಹತ್ತಿ ವ್ಯಾಪಾರಿಗಳ ತೇಗದ ಕಂಬದ ಮನೆಗಳು, ಚಪ್ಪಡಿ ಮುಚ್ಚಿ ಮೇಲೆ ಮೊಬೈಲ್ ಅಂಗಡಿ ಇಟ್ಟಿರುವ ಮೆಟ್ಟಿಲ ಬಾವಿ, ಹೀಗೆ ತೋರಿಸಲು ಬೇಕಾದಷ್ಟಿದೆ. ಕಮಾನಿನವರೆಗೆ ನನಗೆ ತಿಳಿದಿತ್ತು. ಬಾವಿಯವರೆಗೆ ಊಹೆ ಕೈಹಿಡಿಯಿತು. ಆಮೇಲೆ ಸೀರೆ ಅಂಗಡಿಗೂ ಮೆಡಿಕಲ್ ಶಾಪಿಗೂ ನಡುವೆ ತಗ್ಗು ಬಾಗಿಲಿನ ಒಂದು ಕಲ್ಲುಖೋಲಿ ಬಂತು. ಅದರ ಗೋಡೆಯಲ್ಲಿ ಸಾಲಾಗಿ ಕಬ್ಬಿಣದ ಬಳೆಗಳು. ಇವು ಯಾತಕ್ಕೆ ಸಾರ್ ಎಂದು ಒಬ್ಬ ಹುಡುಗಿ ಕೇಳಿದಳು. ನಲವತ್ತು ಪೆನ್ನುಗಳು ಒಮ್ಮೆಲೇ ನನ್ನ ಕಡೆ ಎದ್ದವು. "ನವಾಬರ ಕಾಲದಲ್ಲಿ ಸೈನ್ಯದ ಕುದುರೆಗಳನ್ನು ಕಟ್ಟುತ್ತಿದ್ದ ಲಾಯ ಇದು" ಎಂದೆ. ಪೆನ್ನುಗಳು ಬಗ್ಗಿದವು. ನನಗೆ ಸಮಾಧಾನವಾಯಿತು.

ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಳ್ಳುತ್ತಿದ್ದವನೊಬ್ಬ ಅದನ್ನು ಕೇಳಿಸಿಕೊಂಡದ್ದು ನನಗೆ ತಿಳಿಯಲಿಲ್ಲ. ಮರುದಿನ ಮಧ್ಯಾಹ್ನ ಅವನು ಶಾಲೆಗೆ ಬಂದ. ಹೆಸರು ವೀರೇಶ, ಹತ್ತಿಬೀಜದ ವ್ಯಾಪಾರ, ಆ ಕಲ್ಲುಖೋಲಿಯ ಮಾಲೀಕ. ಮುಂದಿನ ವಾರ ಅದನ್ನು ಕೆಡವಿ ಮೂರಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸುವವನಿದ್ದ. ನಾನು ಹೇಳಿದ ಮಾತು ಬೀದಿಯಲ್ಲಿ ಹಬ್ಬಿ ಕಾಂಟ್ರಾಕ್ಟರನ ಕಿವಿಗೂ ಬಿದ್ದಿತ್ತು. ನವಾಬರ ಕಟ್ಟಡ ಮುಟ್ಟಿದರೆ ಸರ್ಕಾರ ಕೇಸು ಹಾಕುತ್ತದೆಂದು ಅವನು ಹಿಂದೆ ಸರಿದಿದ್ದ.

"'ಕಾಗಿತಂ ತೆಸ್ತೇನೇ ಪನಿ' ಅಂತಾನ್ರಿ. ಕಾಗದ ತಂದ್ರೇ ಕೆಲಸ ಅಂತ. ನೀವು ಹೇಳಿದ್ದು ಖರೇ ಇದ್ರ ಖರೇ ಅಂತ ಬರಕೊಡ್ರಿ, ಸುಳ್ಳಿದ್ರ ಸುಳ್ಳಂತ ಬರಕೊಡ್ರಿ" ಎಂದು ವೀರೇಶ ಬಹಳ ವಿನಯದಿಂದ ಕೇಳಿದ.

ಎರಡು ದಿನ ಸಮಯ ಬೇಡಿದೆ. ಶಾಲೆಯ ಲೈಬ್ರರಿಯ ಬೀರುವಿನ ಬೀಗ ಮುರಿಸಿ ಜಿಲ್ಲೆಯ ಹಳೆಯ ಚರಿತ್ರೆಯ ಪುಸ್ತಕ ತೆಗೆದೆ. ಗೆದ್ದಲು ನಮ್ಮ ತಾಲ್ಲೂಕನ್ನು ಪೂರ್ತಿ ಓದಿ ಮುಗಿಸಿ ಪಕ್ಕದ ತಾಲ್ಲೂಕಿಗೆ ಕಾಲಿಟ್ಟಿತ್ತು. ಕೊನೆಗೆ ಬೇರೆ ದಾರಿಯಿಲ್ಲದೆ ಆ ಖೋಲಿಯ ಹತ್ತಿರವೇ ಹೋದೆ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಹಣೆತುಂಬ ವಿಭೂತಿ ಧರಿಸಿದ ಮುದುಕಿಯೊಬ್ಬರು ಬತ್ತಿ ಹೊಸೆಯುತ್ತಿದ್ದರು. ವೀರೇಶನ ಸೋದರತ್ತೆ ಗುರಮ್ಮ. ಗಂಡ ತೀರಿದ ಮೇಲೆ ತವರಿಗೆ ಬಂದು ಖೋಲಿಯ ಹಿಂದಿನ ಮನೆಯಲ್ಲಿದ್ದಾರೆ. ನಾನು ಬಳೆಗಳ ಬಗ್ಗೆ ಕೇಳಿದೆ.

"ನವಾಬನ ಕುದುರಿ ಎಲ್ಲಿದ್ವು ಸಾರ್. ನಮ್ಮಪ್ಪ ಹೊಡಸಿದ್ದು ಅವು. ನಾಗಲದಿನ್ನಿಯಿಂದ ಹತ್ತಿ ಬಂಡಿ ಬರತಿದ್ವು. ಎತ್ತು ಬಿಸಲಾಗ ನಿಂತಿದ್ದು ನೋಡಿ ಸಂಕಟಪಟ್ಟು ಈ ಖೋಲಿ ಕಟ್ಟಿಸಿದ. ಯಾರ ಎತ್ತಾದ್ರೂ ಕಟ್ಟಬಹುದಾಗಿತ್ತು. ಆ ಕಡೀ ಎರಡು ಬಳಿ ಮಾತ್ರ ನಮ್ಮ ಮನಿ ಎತ್ತು ಕೆಂದಗೂ ಮಾಸಗೂ."

ಇದನ್ನು ಅಳಿಯ ವೀರೇಶನಿಗೆ ಏಕೆ ಹೇಳಲಿಲ್ಲ ಎಂದೆ. ಯಾರೂ ಕೇಳಲಿಲ್ಲವಂತೆ. ನಾನು ನಿಜ ಬರೆದುಕೊಟ್ಟರೆ ಖೋಲಿ ಬೀಳುತ್ತದೆ, ಸುಮ್ಮನಿದ್ದರೆ ಉಳಿಯುತ್ತದೆ ಎಂದು ವಿವರಿಸಿದೆ. ಸುಮ್ಮನಿರುವುದು ನನ್ನ ಮಾನಕ್ಕೂ ಒಳ್ಳೆಯದು ಎಂಬುದನ್ನು ವಿವರಿಸಲಿಲ್ಲ. ಅವರು ಇನ್ನೂ ಎರಡು ಬತ್ತಿ ಹೊಸೆದರು.

"ಸುಳ್ಳು ಹೇಳಿ ಗ್ವಾಡಿ ನಿಲ್ಲಸಬ್ಯಾಡ್ರಿ" ಎಂದರು.

ಆ ಸಂಜೆ ಕಾಂಟ್ರಾಕ್ಟರನಿಗೂ ತಿಳಿಯಲೆಂದು ತೆಲುಗಿನಲ್ಲಿ ಕಾಗದ ಬರೆದೆ. ನಾನು ಮಕ್ಕಳೆದುರು ಹೇಳಿದ್ದು ತಪ್ಪು, ಇದು ವೀರೇಶನ ಅಜ್ಜ ಬಂಡಿಯ ಎತ್ತುಗಳ ನೆರಳಿಗೆ ಕಟ್ಟಿಸಿದ ಖೋಲಿ, ಹೇಳಿದವರು ಆ ಅಜ್ಜನ ಮಗಳು ಗುರಮ್ಮ. ಇಷ್ಟೇ. ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನದು ತಪ್ಪೆಂದು ಒಪ್ಪಿ ಸಹಿ ಹಾಕಿದ ಮೊದಲ ಕಾಗದ. ವೀರೇಶ ಅದನ್ನು ನಿಂತಲ್ಲೇ ಎರಡು ಸಲ ಓದಿದ. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವನು ಕಾಗದ ಮಡಚಿ ಜೇಬಿಗಿಟ್ಟು ಹೋದ.

ವಾರ ಕಳೆಯಿತು. ಜೆಸಿಬಿ ಬಂತು, ಆದರೆ ಹಿಂದಿನ ಓಣಿಯಿಂದ. ವೀರೇಶ ಅತ್ತೆಯನ್ನು ತನ್ನ ಮನೆಗೆ ಕರೆದೊಯ್ದು ಹಿಂದಿನ ಭಾಗವನ್ನಷ್ಟೇ ಕೆಡವಿಸಿದ. ಬೀದಿಯ ಕಡೆಯ ಖೋಲಿ ಹಾಗೇ ನಿಂತಿತು. ಹಗಲೆಲ್ಲ ಗುರಮ್ಮ ಕಟ್ಟೆಯ ಮೇಲೇ ಇರುತ್ತಿದ್ದರು. ಮಾರ್ಕೆಟ್ಟಿನಲ್ಲಿ ಸಿಕ್ಕಾಗ ವೀರೇಶನನ್ನು ಕಾರಣ ಕೇಳಿದೆ.

"ನವಾಬಂದಾಗಿದ್ರ ಸರ್ಕಾರದ ಜೊತಿ ಗುದ್ದಾಡಿ ಕೆಡವತಿದ್ದೆ ಸಾರ್. ನಮ್ಮಜ್ಜಂದು ಅಂತ ಗೊತ್ತಾದಮ್ಯಾಲ ಕೈ ಏಳಲಿಲ್ಲ" ಎಂದ.

ಮರುವರ್ಷ ಹತ್ತನೆಯ ತರಗತಿಗೆ ಬಂದ ಅದೇ ಮಕ್ಕಳ ನಡಿಗೆಗೆ ಹೆಡ್‌ಮಾಸ್ಟರು ವಿಜ್ಞಾನದ ಮೇಡಂ ಅವರನ್ನು ಮುಂದೆ ಹಾಕಿದರು. ಮಕ್ಕಳು ಆಟೋಗಳಿಗೆ ಅಡ್ಡ ಹೋಗದಂತೆ ಕಾಯುವ ಜವಾಬ್ದಾರಿ ನನ್ನದಾಯಿತು. ಮೇಡಂ ಕಲ್ಲುಖೋಲಿಯ ಮುಂದೆ ನಿಂತು ತಮಗೆ ತಿಳಿಯದೆಂದು ಸಲೀಸಾಗಿ ಹೇಳಿ ಗುರಮ್ಮನವರನ್ನೇ ಮಾತಾಡಿಸಿದರು. ಅವರು ಅರ್ಧ ಗಂಟೆ ಕೆಂದ ಮತ್ತು ಮಾಸನ ಕಥೆ ಹೇಳಿದರು. ನನ್ನ ಪಾಠಕ್ಕೆ ಐದು ನಿಮಿಷ ಸುಮ್ಮನೆ ಕೂಡದ ಮಕ್ಕಳು ಬಿಸಿಲಲ್ಲಿ ನಿಂತು ಕೇಳಿದರು. ಕೊನೆಗೆ ಆ ನಡಿಗೆಯ ಮೇಲೆ ಪ್ರಬಂಧ ಬರೆಸಿ ತಿದ್ದುವ ಕೆಲಸ ಮಾತ್ರ ನನಗೇ ಉಳಿಯಿತು. ಒಬ್ಬ ಹುಡುಗಿ ಬರೆದಿದ್ದಳು: "ಈ ಸಲ ಸಾರ್ ಏನೂ ಹೇಳಲಿಲ್ಲ, ಆದ್ದರಿಂದ ನಮಗೆ ತುಂಬಾ ವಿಷಯ ತಿಳಿಯಿತು." ವಾಕ್ಯದಲ್ಲಿ ತಪ್ಪೇನಿರಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಒತ್ತಕ್ಷರ ಬಿಟ್ಟಿದ್ದಳು. ಅದಕ್ಕೆ ಅರ್ಧ ಅಂಕ ಕಳೆದೆ.