ಡೈರಿಯಿಂದ ಎಂ.ಬಿ.ಎ.ಗೆ

ನಮ್ಮೂರಲ್ಲಿ ಯಾವ ಕೆಲಸವನ್ನೂ ಒಬ್ಬರೇ ಮಾಡಲು ಬಿಡುವುದಿಲ್ಲ. ಕೊಟ್ಟಿಗೆಗೆ ಒಂದು ಗೂಟ ನೆಡಲು ಹೋದರೂ ನಾಲ್ಕು ಜನ ಬಂದು ನಿಂತು, "ವಸಿ ಎಡಕ್ಕೆ ಬರ್ಲಿ" ಅನ್ನುತ್ತಾರೆ. ಹೀಗಿರುವಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಪರದೇಶದ ಬಿಸಿನೆಸ್ ಸ್ಕೂಲೊಂದನ್ನು ನಾನೊಬ್ಬಳೇ ಗುಟ್ಟಾಗಿ ಆರಿಸಿಕೊಳ್ಳುತ್ತೇನೆ ಅಂದುಕೊಂಡದ್ದೇ ನನ್ನ ಮೊದಲ ತಪ್ಪು.

ಆಗ ನನಗೆ ಇಪ್ಪತ್ತನಾಲ್ಕು. ಬಿ.ಕಾಂ. ಮುಗಿಸಿ ಕ್ಯಾತನಹಳ್ಳಿ ಕಡೆಯ ನಮ್ಮೂರ ಹಾಲು ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೆ. ಸಂಘ ಅನ್ನುವುದು ಬೋರ್ಡಿನ ಮೇಲೆ ಮಾತ್ರ, ಊರಿನವರ ಬಾಯಲ್ಲಿ ಡೈರಿ. ಬೆಳಿಗ್ಗೆ, ಸಂಜೆ ಹಾಲು ಅಳೆಯುವುದು, ಅದರಲ್ಲಿ ಫ್ಯಾಟು ಎಷ್ಟಿದೆ ಅಂತ ಪರೀಕ್ಷೆ ಮಾಡುವುದು, ನೀರು ಹಾಲನ್ನು ವಾಪಸ್ ಕಳಿಸಿ ಬೈಸಿಕೊಳ್ಳುವುದು ನನ್ನ ಕೆಲಸ. ಈ ಡೈರಿಯನ್ನೇ ಇನ್ನೂ ಚೆನ್ನಾಗಿ ನಡೆಸಬಹುದಲ್ಲ, ಅದನ್ನು ಕಲಿತು ಬರೋಣ ಅನ್ನುವ ಆಸೆ ತಲೆಗೆ ಹೊಕ್ಕಿತು. ಅಪ್ಪ ಬೇಡ ಅನ್ನಲಿಲ್ಲ. "ಒಂದು ಸಲ, ಮೂರು ಕಾಲೇಜು. ಸಿಕ್ಕಿದ್ರೆ ಹೋಗು. ಸಿಗ್ಲಿಲ್ಲ ಅಂದ್ರೆ ಮತ್ತೆ ಆ ಮಾತು ಎತ್ತಬಾರ್ದು," ಅಂದರು. ಮೈಸೂರಿನ ಲೈಬ್ರರಿಯಲ್ಲಿ ಕೂತು ಇಂಗ್ಲೆಂಡಿನದೊಂದು, ಆಸ್ಟ್ರೇಲಿಯಾದ್ದೊಂದು, ನ್ಯೂಜಿಲೆಂಡಿನದೊಂದು ವಿಳಾಸ ಬರೆದುಕೊಂಡು ಬಂದು ಕಾಗದ ಹಾಕಿದೆ.

ಮೂರನೇ ಕ್ಲಾಸಿನ ಗಣಿತ

ಜೂನ್ ತಿಂಗಳಲ್ಲಿ ಪ್ರಾಸ್ಪೆಕ್ಟಸ್‌ಗಳು ಬಂದವು. ನಾನು ಡೈರಿಯಲ್ಲಿದ್ದೆ ಅಂತ ಪೋಸ್ಟ್‌ಮ್ಯಾನ್ ಪಕ್ಕದ ಮನೆ ಚಿಕ್ಕಮ್ಮನ ಕೈಗೆ ಕೊಟ್ಟು ಹೋಗಿದ್ದ. ಮೂರೂ ದಪ್ಪ, ನುಣುಪು ಕಾಗದ, ಬಣ್ಣಬಣ್ಣದ ಚಿತ್ರ. ಜೂನ್ ಅಂದರೆ ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುವ ತಿಂಗಳು. ಹಳೇ ಕ್ಯಾಲೆಂಡರಿಗೆ ಊರೆಲ್ಲ ಕಿತ್ತಾಡುವಾಗ ಚಿಕ್ಕಮ್ಮನ ಮನೆ ಬಾಗಿಲಿಗೆ ಲಕ್ಷ್ಮಿ ತಾನಾಗಿ ಬಂದಿದ್ದಳು.

ನಾನು ಹೋಗುವ ಹೊತ್ತಿಗೆ ನ್ಯೂಜಿಲೆಂಡ್ ನಡುವಿನಿಂದ ಬರಿದಾಗಿತ್ತು.

"ಸೀರೆ ಅಂಗ್ಡಿ ಪುಸ್ತಕ ಅಂದ್ಕಂಡೆ ಕಣವ್ವ," ಅಂದಳು ಚಿಕ್ಕಮ್ಮ. "ಒಂದ್ ಸೀರೆನೂ ಇರ್ಲಿಲ್ಲ. ಅದ್ಕೇ ಅರ್ದೆ."

ಅರ್ಜಿಗೆ ಕೊನೆಯ ದಿನ ಯಾವುದು, ಏನೇನು ಲಗತ್ತಿಸಬೇಕು ಅನ್ನುವ ಪುಟ, ಮೂರನೇ ಕ್ಲಾಸಿನಲ್ಲಿ ಓದುತ್ತಿದ್ದ ಅವಳ ಮಗಳ ಗಣಿತದ ಪುಸ್ತಕಕ್ಕೆ ಬೈಂಡಾಗಿ ಸ್ಕೂಲಿಗೆ ಹೋಗಿತ್ತು. ನಾನೂ ಸ್ಕೂಲಿಗೆ ಓಡಿದೆ. ಮೇಷ್ಟ್ರು ಖಡಾಖಂಡಿತವಾಗಿ ಹೇಳಿದರು: "ಬೈಂಡು ಬಿಚ್ಚಂಗಿಲ್ಲ. ಇವತ್ತು ಇನ್ಸ್‌ಪೆಕ್ಟರು ಬರ್ತಾವ್ರೆ. ಬೇಕಾದ್ರೆ ಕೂತ್ಕಂಡು ಬರ್ಕಳಿ."

ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಕೊನೆಯ ದಿನಾಂಕದ ಮೇಲೆ ಸರಿಯಾಗಿ ಹೆಸರಿನ ಚೀಟಿ ಅಂಟಿಸಿದ್ದರು, ಅದೂ ಅನ್ನದ ಅಗುಳಿನಲ್ಲಿ. ಉಗುಳು ಹಚ್ಚಿ, ಉಗುರಿನಲ್ಲಿ ಕೆರೆದು, ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಅಂಕಿ ಓದಿ ಸ್ಲೇಟಿನಲ್ಲಿ ಬರೆದುಕೊಳ್ಳುತ್ತಿರುವಾಗ ಇನ್ಸ್‌ಪೆಕ್ಟರು ಒಳಗೆ ಬಂದೇಬಿಟ್ಟರು. ಮಕ್ಕಳೆಲ್ಲ ಎದ್ದು ನಮಸ್ತೆ ಅಂದವು. ಏನು ಮಾಡಲಿ, ನಾನೂ ಎದ್ದು ನಮಸ್ತೆ ಅಂದೆ.

ಇನ್ಸ್‌ಪೆಕ್ಟರು ನನ್ನನ್ನು, ನನ್ನ ಸ್ಲೇಟನ್ನು ಒಂದು ನಿಮಿಷ ನೋಡಿ ಮೇಷ್ಟ್ರ ಕಡೆ ತಿರುಗಿದರು. "ಈಯಮ್ಮ ಮೂರನೇ ಕ್ಲಾಸಲ್ಲಿ ಎಷ್ಟು ವರ್ಷದಿಂದ ಇದ್ದಾರ್ರೀ?"

ಹುಲ್ಲಿನ ಮೇಲೆ ಓದುವವರು

ಉಳಿದ ಪುಟಗಳನ್ನು ಅಜ್ಜಿ ಜಗಲಿಯ ಮೇಲೆ ಹರಡಿಕೊಂಡು ನೋಡಿದಳು. ಅಜ್ಜಿಗೆ ಅಕ್ಷರ ಬಾರದು. ಆದರೆ ಹಸುವಿನ ಸುಳಿ ನೋಡಿ ಹಸುವಿನ ಭವಿಷ್ಯ ಹೇಳುವವಳು, ಚಿತ್ರ ನೋಡಿ ಕಾಲೇಜಿನ ಭವಿಷ್ಯ ಹೇಳಲಾರಳೆ?

ಪರದೇಶದ ಪ್ರಾಸ್ಪೆಕ್ಟಸ್ ನೋಡಿದವರಿಗೆ ಗೊತ್ತು. ಯಾವ ದೇಶದ್ದೇ ಆಗಲಿ, ವಿದ್ಯಾರ್ಥಿಗಳು ಹುಲ್ಲಿನ ಮೇಲೆ ಬಿದ್ದುಕೊಂಡೇ ಇರುತ್ತಾರೆ. ಒಬ್ಬ ಮೊಣಕೈ ಊರಿ ಮಲಗಿರುತ್ತಾನೆ, ಒಬ್ಬಳು ನಗುತ್ತಿರುತ್ತಾಳೆ, ಮಧ್ಯೆ ಒಂದು ಪುಸ್ತಕ ತೆರೆದಿರುತ್ತದೆ, ಅದನ್ನು ಯಾರೂ ನೋಡುತ್ತಿರುವುದಿಲ್ಲ.

"ಪಾಪ, ಬಡವ್ರು ಅಂತ ಕಾಣ್ತದೆ," ಅಂದಳು ಅಜ್ಜಿ. "ಒಂದ್ ಬೆಂಚೂ ಇಲ್ಲ."

"ಇಲ್ಲ ಅಜ್ಜಿ, ಅದೆಲ್ಲ ಭಾರಿ ದೊಡ್ಡ ಕಾಲೇಜು."

ಅಜ್ಜಿ ಇಂಗ್ಲೆಂಡನ್ನು ಕಣ್ಣ ಹತ್ತಿರ ತಂದುಕೊಂಡಳು. "ಇಸ್ಟೊಂದು ಉಲ್ಲು ಅದೆ, ಒಂದ್ ಅಸ ಇಲ್ವಲ್ಲ. ಅವ್ರೇ ಕುಯ್ಯುತಾರಾ?"

"ಮಿಷನ್ನಲ್ಲಿ ಕುಯ್ತಾರೆ."

"ಕುಯ್ದು?"

"ಎಸೀತಾರೆ."

ಅಜ್ಜಿ ಚಿತ್ರದ ಹುಲ್ಲಿನ ಮೇಲೆ ಒಮ್ಮೆ ಕೈಯಾಡಿಸಿದಳು. ಒಂದು ಹೊರೆ ಹುಲ್ಲಿಗೆ ಮಂಡಿಯುದ್ದ ನೀರಿನಲ್ಲಿ ನಾಲೆ ಏರಿಯ ಪಕ್ಕ ನಿಂತು ಬೆನ್ನು ಬಾಗಿಸಿದ ಜೀವ ಅದು. ಕೊನೆಗೆ ಪ್ರಾಸ್ಪೆಕ್ಟಸ್ ಮುಚ್ಚಿ ನನ್ನ ಕೈಗೆ ಕೊಟ್ಟಳು.

"ಯಾಪಾರ ಕಲಿಯಕ್ಕೆ ನೀನ್ಯಾಕವ್ವ ಅಲ್ಲಿಗೋಯ್ತೀಯ? ಅವ್ರನ್ನೇ ಇಲ್ಲಿಗೆ ಬರಕ್ಕೇಳು."

ಒಂದು ಸೋಲು ಬೇಕಾಗಿದೆ

ಅರ್ಜಿಯಲ್ಲಿ ಪ್ರಬಂಧಗಳಿದ್ದವು. ಅದರಲ್ಲೊಂದು: ನಿಮ್ಮ ಜೀವನದ ಒಂದು ಸೋಲನ್ನು ವಿವರಿಸಿ, ಅದರಿಂದ ಕಲಿತದ್ದೇನು ತಿಳಿಸಿ. ಇದನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದ್ದು ನನ್ನ ಎರಡನೇ ತಪ್ಪು.

ಅಪ್ಪನಿಗೆ ರೇಗಿಹೋಯಿತು. "ನಮ್ಮ ಮನೆ ಮಗಳು ಯಾವತ್ತು ಫೇಲಾಗಿದ್ಲು? ಸೋತೋರ್ನ ಸೇರಿಸ್ಕಳೋ ಕಾಲೇಜು ಅದೆಂಥ ಕಾಲೇಜು?"

ಅಮ್ಮ ಮಾತ್ರ ಉತ್ಸಾಹದಿಂದ, "ನೀನು ಮಾಡಿದ ಮೊದಲ್ನೇ ಮುದ್ದೆ ಬರಿ," ಅಂದಳು. ಅದು ಗಂಟುಗಂಟಾಗಿ, ನಾಯಿ ಮೂಸಿ ನೋಡಿ ಹೊರಟುಹೋದದ್ದು ನಿಜ. ಕೆ.ಆರ್. ಪೇಟೆಯಿಂದ ಬಂದಿದ್ದ ಸೋದರಮಾವ, ನಾನು ಸೈಕಲ್ಲು ಕಲಿಯುವಾಗ ಸೀದಾ ಹೋಗಿ ಆಲೆಮನೆಯ ಬೆಲ್ಲದ ಅಚ್ಚಿನ ಮೇಲೆ ಬಿದ್ದದ್ದನ್ನು ನೆನಪಿಸಿದ. ಹತ್ತು ನಿಮಿಷದಲ್ಲಿ ನನ್ನ ಸೋಲುಗಳು ಮೂರು ಅರ್ಜಿಗೆ ಸಾಕಾಗಿ ಮಿಕ್ಕಿದವು. ಹೊರಗಿನವರ ಮುಂದೆ ನನ್ನನ್ನು ಬಿಟ್ಟುಕೊಡದ ಮನೆಯವರು ಅಡಿಗೆಮನೆಯಲ್ಲಿ ನನ್ನ ಎಷ್ಟೊಂದು ಸೋಲು ಜೋಪಾನ ಮಾಡಿಟ್ಟಿದ್ದರು!

ಕೊನೆಗೆ ನಾನು ಬರೆದದ್ದು ಬೇರೆ. ಹೆಂಗಸರಿಗೆ ಅನುಕೂಲವಾಗಲಿ ಅಂತ ಬೆಳಗಿನ ಹಾಲು ತಗೊಳ್ಳುವ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ, ಬೇಸಿಗೆಯಲ್ಲಿ ಹಾಲಿನ ಲಾರಿ ತಪ್ಪಿಸಿಕೊಂಡು ಮೂರು ಕ್ಯಾನು ಹಾಲು ಒಡೆಸಿದ ಕಥೆ. ಆದರೆ ಅವತ್ತು ಅಪ್ಪ ಇನ್ನೂ ಪಟ್ಟು ಬಿಟ್ಟಿರಲಿಲ್ಲ. "ಸೋಲು ಅಂದ್ರೆ ನಂದು ಕಣವ್ವ. ಮಂಡಲ ಪಂಚಾಯ್ತಿ ಎಲೆಕ್ಷನ್ನಲ್ಲಿ ಒಂದೇ ಒಂದು ಓಟಲ್ಲಿ ಹೋಯ್ತು. ಆ ಒಂದು ಓಟು ಯಾರು ಕೈ ಕೊಟ್ರು ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ."

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು: "ನಾನೇ ಕಣ್ಲಾ. ನೀನ್ ಗೆದ್ದುಬುಟ್ಟಿದ್ರೆ ಗದ್ದೆಗೆ ಯಾರ್ಲಾ ಓಗೋರು?"

ಐವತ್ತು ಪರ್ಸೆಂಟು

ಅರ್ಜಿಯ ಜೊತೆ ಕೆಲಸ ಕೊಟ್ಟವರ ಶಿಫಾರಸು ಪತ್ರ ಬೇಕಿತ್ತು. ನನಗೆ ಕೆಲಸ ಕೊಟ್ಟವರು ಡೈರಿಯ ಅಧ್ಯಕ್ಷರು, ವರಸೆಯಲ್ಲಿ ದೊಡ್ಡಪ್ಪ, ಹಳೇ ಕಾಲದ ಎಂಟನೇ ಕ್ಲಾಸು. ಪತ್ರವನ್ನು ಕನ್ನಡದಲ್ಲಿ ಹೇಳಿ ಪಾಂಡವಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಇಂಗ್ಲಿಷ್ ಮಾಡಿಸಿದರು. ಅದರ ಜೊತೆಗಿನ ಫಾರಂ ತಾವೇ ತುಂಬಿ, ಲಕೋಟೆಗೆ ಅರಗು ಹಾಕಿ, ಅದರ ಮೇಲೆ ಡೈರಿಯ ಸೀಲು ಒತ್ತಿ, ಮೂರನ್ನೂ ತಾವೇ ಪೋಸ್ಟ್ ಮಾಡಿ ಬಂದರು. "ನೀನು ನೋಡಂಗಿಲ್ಲ ಅಂತ ಅದ್ರಲ್ಲೇ ಬರ್ದವ್ರೆ," ಅಂದರು.

ಕೆಲವು ತಿಂಗಳ ಮೇಲೆ ಇಂಗ್ಲೆಂಡಿನಿಂದ ವಿಷಾದದ ಪತ್ರ ಬಂತು. ಅಳು ಬಂತು. ಆಮೇಲೆ ಆಸ್ಟ್ರೇಲಿಯಾದಿಂದ ಸೀಟು ಕೊಟ್ಟಿದ್ದೇವೆ, ಇಂಥ ಶನಿವಾರದೊಳಗೆ ಮೊದಲ ಕಂತು ಕಟ್ಟಿ ಅಂತ ಬಂತು. ಅಪ್ಪ ನಾಲೆ ಪಕ್ಕದ ಅರ್ಧ ಎಕರೆ ಗದ್ದೆಗೆ ಗಿರಾಕಿಯನ್ನೂ ನೋಡಿಬಿಟ್ಟರು. ಅದು ನಮ್ಮ ಮನೆಯ ಅತಿ ಒಳ್ಳೆಯ ಗದ್ದೆ. ನನಗೆ ಸಂತೋಷಪಡಬೇಕೋ ಸಂಕಟಪಡಬೇಕೋ ತಿಳಿಯಲಿಲ್ಲ.

ಆ ಶನಿವಾರಕ್ಕೆ ಇನ್ನೆರಡು ದಿನ ಇತ್ತು. ಬೆಳಿಗ್ಗೆ ಎಂಟು ಗಂಟೆ, ಹಾಲು ಹಾಕುವವರ ಸಾಲು ಬೀದಿವರೆಗೂ ನಿಂತಿತ್ತು. ಡೈರಿಗೆ ಹೊಸದಾಗಿ ಬಂದಿದ್ದ ಫೋನು ಹೊಡೆದುಕೊಂಡಿತು. ನ್ಯೂಜಿಲೆಂಡಿನ ಪ್ರೊಫೆಸರು.

ಅವರು ಬಹಳ ಸೌಜನ್ಯದಿಂದ ಹೇಳಿದ್ದು ಇಷ್ಟು: "ನಿಮ್ಮ ಅಧ್ಯಕ್ಷರ ಪತ್ರದಲ್ಲಿ, 'ಈ ಹುಡುಗಿ ನನ್ನ ಮನೆಯ ಹಾಲನ್ನೇ ನೀರು ಹಾಕಿದ್ದಾರೆ ಅಂತ ಸಾಲಿನವರೆಲ್ಲರ ಮುಂದೆ ವಾಪಸ್ ಕಳಿಸಿದಳು. ಅವತ್ತಿನಿಂದ ಊರಿನಲ್ಲಿ ಯಾರೂ ನೀರು ಹಾಕಿಲ್ಲ' ಎಂದಿದೆ. ಇಂಥ ಪತ್ರ ನಾವು ಓದಿಯೇ ಇಲ್ಲ. ಆದರೆ ಫಾರಮ್ಮಿನಲ್ಲಿ ಬುದ್ಧಿ, ದುಡಿಮೆ, ಪ್ರಾಮಾಣಿಕತೆ, ಎಲ್ಲದರಲ್ಲೂ ನಿಮ್ಮನ್ನು ತೀರ ಕೆಳಗಿನ ಕಾಲಂನಲ್ಲಿ ಇಟ್ಟಿದ್ದಾರೆ. ಯಾಕೆ?"

ಆ ಫಾರಂ ಹೇಗಿತ್ತೆಂದರೆ, ಪ್ರತಿ ಗುಣದ ಮುಂದೆ ಎರಡು, ಐದು, ಹತ್ತು, ಇಪ್ಪತ್ತೈದು, ಐವತ್ತು ಪರ್ಸೆಂಟ್ ಅಂತ ಚೌಕಗಳು. ಎರಡು ಅಂದರೆ ನೂರು ಜನರಲ್ಲಿ ಮೊದಲ ಇಬ್ಬರಲ್ಲಿ ಒಬ್ಬಳು. ಐವತ್ತು ಅಂದರೆ ಗುಂಪಿನಲ್ಲಿ ಗೋವಿಂದ. ಅಂಕಿ ದೊಡ್ಡದಾದಷ್ಟೂ ಮನುಷ್ಯ ಸಣ್ಣವನು.

ನಾನು ಫೋನಿಗೆ ಕೈ ಅಡ್ಡ ಹಿಡಿದು, ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷರಿಗೆ ಕೂಗಿದೆ: "ದೊಡ್ಡಪ್ಪಾ, ಎಲ್ಲದಕ್ಕೂ ಐವತ್ತಕ್ಕೆ ಟಿಕ್ ಹಾಕಿದ್ದೀರಂತೆ?"

"ಊಂ ಕಣ್ ಮಗಾ," ಅಂದರು ಹೆಮ್ಮೆಯಿಂದ. "ಮೊದ್ಲನೇದೇ ಎಲ್ಡು ಪರ್ಸೆಂಟು ಅಂತ ಮಡ್ಗವ್ರೆ! ಎಲ್ಡು ಪರ್ಸೆಂಟ್ ಫ್ಯಾಟಿನ ಆಲ ನೀನೇ ವಾಪಸ್ ಕಳಿಸ್ತೀಯ. ಒಳ್ಳೇ ಎಮ್ಮೆ ಆಲಿಗೇ ಏಳು. ನಿಂಗೆ ಐವತ್ತು ಕೊಟ್ಟೆ. ಅದ್ಕಿಂತ ದೊಡ್ಡದು ಇರ್ಲಿಲ್ಲ, ಇದ್ದಿದ್ರೆ ನೂರಕ್ಕೇ ಆಕ್ತಿದ್ದೆ."

ಅದನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ, ಎಮ್ಮೆ ಸಮೇತ. ಮುಗೀತು ಅಂದುಕೊಂಡೆ. ಆಮೇಲೆ ಆ ಕಡೆಯಿಂದ ನಗು ಶುರುವಾಯಿತು ನೋಡಿ, ಫೋನು ಕಿವಿಯಿಂದ ದೂರ ಹಿಡಿದರೂ ಸಾಲಿಗೆಲ್ಲ ಕೇಳಿಸುವಷ್ಟು. ಅವರ ತಂದೆಯೂ ಹಸು ಸಾಕಿದವರಂತೆ, ನಾನೂರು ಹಸುವಂತೆ.

"ನಾನೂರಾ! ಸಗಣಿ ಬಾಚೋರ್ಯಾರು ಕೇಳವ್ವ!" ಅಂತ ಸಾಲಿನಿಂದ ಒಬ್ಬಾಕೆ ಕೂಗಿದಳು. ನಾನು ಕೇಳಲಿಲ್ಲ. "ತೀರ್ಮಾನ ನನ್ನೊಬ್ಬನದಲ್ಲ, ಪತ್ರ ಬರುತ್ತದೆ," ಅಂತ ಹೇಳಿ ಪ್ರೊಫೆಸರು ಫೋನಿಟ್ಟರು.

ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಕೈಯಲ್ಲಿರುವ ಆಸ್ಟ್ರೇಲಿಯಾಕ್ಕೆ ಶನಿವಾರ ಹಣ ಕಟ್ಟಬೇಕೋ, ಬರುತ್ತದೋ ಇಲ್ಲವೋ ಗೊತ್ತಿಲ್ಲದ ನ್ಯೂಜಿಲೆಂಡಿಗೆ ಕಾಯಬೇಕೋ? ಅಪ್ಪ ಕೇಳಿದರು: "ಆಸ್ಟ್ರೇಲಿಯಾದೋರ್ಗೂ ಅದೇ ಐವತ್ತು ಹೋಗಿತ್ತಲ್ಲ, ಅವ್ರು ಒಂದು ಮಾತೂ ಕೇಳ್ಲಿಲ್ವಾ?"

"ಇಲ್ಲ."

"ಹಂಗಾದ್ರೆ ಅದು ಟೆಸ್ಟ್ ಮಾಡ್ದೆ ಹಾಲ ಕ್ಯಾನಿಗೆ ಸುರ್ಕಳೋ ಡೈರಿ ಕಣವ್ವ. ಅಲ್ಲಿಗೆ ಬೇಡ. ನ್ಯೂಜಿಲೆಂಡ್‌ಗೇ ಕಾಯಣ."

ಇವತ್ತಿಗೂ, ಯಾವ ಬಿಸಿನೆಸ್ ಸ್ಕೂಲು ಒಳ್ಳೆಯದು ಅಂತ ಯಾರಾದರೂ ಮಕ್ಕಳು ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಹೊಳೆಯುವುದಿಲ್ಲ. ಆದರೆ ಅವತ್ತು ಆ ಶನಿವಾರ ಕಳೆದುಹೋಗುವುದನ್ನು ನೋಡುತ್ತಾ ಕೂತಿದ್ದು ನಾನು. ಮೂರು ವಾರ ಅನ್ನ ಸೇರಲಿಲ್ಲ.

ಪತ್ರ ಬಂತು. ಸೀಟು ಕೊಟ್ಟಿದ್ದೇವೆ, ಜೊತೆಗೆ ಫೀಸಿನಲ್ಲಿ ಎಪ್ಪತ್ತೈದು ಪರ್ಸೆಂಟ್ ಮಾಫಿ ಅಂತ ಬರೆದಿತ್ತು. ಗದ್ದೆ ಉಳಿಯಿತು. ಅಪ್ಪ ಆ ಪತ್ರವನ್ನು ಮಡಿಸಿ ಜೇಬಿಗಿಟ್ಟು, ಗದ್ದೆ ಕಡೆ ಒಂದು ಸುತ್ತು ಹೋಗಿ ಬಂದರು.

ನಾನು ಮೈಸೂರುಪಾಕು ತಗೊಂಡು ಡೈರಿಗೆ ಓಡಿದೆ. ಅಧ್ಯಕ್ಷರ ಕಾಲಿಗೆ ಬಿದ್ದು, ಪರ್ಸೆಂಟಿನ ಸಮೇತ ಸುದ್ದಿ ಹೇಳಿದೆ. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ನಮ್ಮ ಫ್ಯಾಟು ನೋಡುವ ಮಿಷನ್ನನ್ನು ಮೇಲಿಂದ ಕೆಳಗೆ ಅನುಮಾನದಿಂದ ನೋಡಿದರು.

"ನೋಡ್ದಾ! ಇಲ್ಲಿ ನಾನು ನೋಡಿ ಐವತ್ತು ಅಂತ ಕಳಿಸ್ದೆ. ಅಲ್ಲಿ ಅವ್ರು ಟೆಸ್ಟ್ ಮಾಡಿ ಎಪ್ಪತ್ತೈದು ಅಂದವ್ರೆ. ನಮ್ಮ ಮಿಷನ್ನು ಕೆಟ್ಟೋಗದೆ ಕಣ್ ಮಗಾ, ಓಗೋಕ್ ಮುಂಚೆ ಅದ ರಿಪೇರಿ ಮಾಡಿಸ್ಬುಟ್ಟು ಓಗು."