ಬೀಗರ ಅಂಗಳದಲ್ಲಿ ಹನಿ ಬೀಳಿಸದ ಜೀಪು

"ಈ ಸಲ ಬೀಗರ ಅಂಗಳದಾಗ ಒಂದು ಹನಿ ಎಣ್ಣಿ ಬಿದ್ರ ನಾ ಹಂಪಣ್ಣನೇ ಅಲ್ಲ!"

ರಾಯಚೂರಿನ ಅಕ್ಕಿ ಗಿರಣಿ ಮಾಲೀಕ ಹಂಪಣ್ಣ ಹೀಗೆ ಗುಡುಗಿದಾಗ ಅವನ ಹೆಂಡತಿ ನೀಲಗಂಗಮ್ಮ ಸ್ವಂತ ಗಿರಣಿಯ ಅಕ್ಕಿಯಲ್ಲೇ ಕಲ್ಲು ಆರಿಸುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು:

"ಮತ್ತ ಯಾರ್ರಿ ನೀವು?"

ಹಂಪಣ್ಣನ ಸಿಟ್ಟಿಗೆ ಕಾರಣವಿತ್ತು. ಮಿಲಿಟರಿ ಹರಾಜಿನಲ್ಲಿ ಕೊಂಡ ಅವನ ಜೀಪಿಗೆ ಈಗ ವಯಸ್ಸಾಗಿತ್ತು. ನಿಂತಲ್ಲೆಲ್ಲ ಎಣ್ಣೆ ಸೋರಿಸುತ್ತಿತ್ತು. ಕಳೆದ ದೀಪಾವಳಿಗೆ ಮಾನ್ವಿಯಲ್ಲಿ ಮಗಳ ಮನೆಗೆ ಹೋದಾಗ ಅದು ನೆಟ್ಟಗೆ ರಂಗೋಲಿಯ ಮೇಲೇ ನಿಂತು ತನ್ನ ಕೆಲಸ ಮುಗಿಸಿತ್ತು. ಬೀಗ ಗಡಿಗೆಪ್ಪ ನೆಂಟರೆದುರು, "ನೋಡ್ರಿ, ನಮ್ಮ ಸೊಸಿ ರಂಗೋಲಿ ಹಾಕಿದ್ಲು, ಬೀಗರ ಜೀಪು ಕಪ್ಪು ಬಣ್ಣ ತುಂಬೇದ!" ಎಂದು ಚಪ್ಪಾಳೆ ತಟ್ಟಿದ. ಎಲ್ಲರೂ ನಕ್ಕರು. ನಕ್ಕವರಲ್ಲಿ ಮಗಳು ಬಸವಂತಮ್ಮನೂ ಇದ್ದದ್ದು ಹಂಪಣ್ಣನ ಎದೆಗೆ ನಾಟಿತ್ತು. ಈಗ ಅದೇ ಮಗಳಿಗೆ ಏಳು ತಿಂಗಳು. ನಾಳೆ ಕುಬಸ, ಬಸುರಿಗೆ ಮಾಡುವ ಸೀಮಂತ! ತವರಿನ ಸೀರೆ, ಬಳೆ, ಹೋಳಿಗೆ ಎಲ್ಲ ಊಟದ ಹೊತ್ತಿಗಿಂತ ಮೊದಲೇ ಆ ಅಂಗಳ ಮುಟ್ಟಬೇಕು, ಮರ್ಯಾದೆಯಿಂದ ಮುಟ್ಟಬೇಕು!

"ಗ್ಯಾರೇಜಿನ ದಸ್ತಗೀರ್ ಸಾಬ್ ಮದಿವಿಗೆ ದೇವದುರ್ಗಕ್ಕ ಹೋಗ್ಯಾನ. ಬಸ್ಸಿಗೆ ಹೋಗೋಣ್ರಿ," ಎಂದಳು ನೀಲಗಂಗಮ್ಮ.

"ಬಸ್ಸೇ? ಗಿರಣಿ ಎಂಜಿನ್ನು ಬಿಚ್ಚಿ ಕೂಡಿಸಿದ ಕೈ ಇದು!"

"ಬಿಚ್ಚಿದ್ದು ನೀವು. ಕೂಡಿಸಿದ್ದು ದಸ್ತಗೀರ್ ಸಾಬ್."

ಇಂಥ ಮಾತಿಗೆಲ್ಲ ಶೂರರು ಬಗ್ಗುವುದುಂಟೆ? ಹಂಪಣ್ಣ ಲುಂಗಿ ಎತ್ತಿ ಕಟ್ಟಿ ಜೀಪಿನ ಕೆಳಗೆ ನುಗ್ಗಿಯೇಬಿಟ್ಟ. ರೋಗ ಕೂಡಲೇ ಸಿಕ್ಕಿತು! ಎಂಜಿನ್ನಿನ ಹೊಟ್ಟೆಯಡಿ ಎಣ್ಣೆ ನಿಲ್ಲುವ ತಗಡಿನ ತೊಟ್ಟಿಯ ಅಂಚಿಗೆ ದಪ್ಪ ರಟ್ಟಿನ ಪಟ್ಟಿ ಇರುತ್ತದೆ. ಗ್ಯಾರೇಜಿನವರು ಅದನ್ನು ಪ್ಯಾಕಿಂಗ್ ಅನ್ನುತ್ತಾರೆ. ಅದು ಹರಿದು ಚಿಂದಿಯಾಗಿತ್ತು. ಹಂಪಣ್ಣ ಹಳೆಯ ಎಣ್ಣೆಯನ್ನೆಲ್ಲ ಇಳಿಸಿದ, ತೊಟ್ಟಿ ಬಿಚ್ಚಿದ. ಎಣ್ಣೆಯಲ್ಲಿ ಅರ್ಧ ಹೊರಗೆ ಬಂತು, ಉಳಿದರ್ಧ ಅವನ ಮೀಸೆಗೆ ಬಂತು. ಆಮೇಲೆ ಮನೆಯೊಳಗೆ ನುಗ್ಗಿ, ಒಳ್ಳೆಯ ಗಟ್ಟಿ ರಟ್ಟು ಹುಡುಕಿ ತಂದು, ಕತ್ತರಿಸಿ, ಅಂಟು ಬಳಿದು, ಬೋಲ್ಟು ಬಿಗಿದ. ಬಿಗಿದ ಬೋಲ್ಟನ್ನೇ ರಾತ್ರಿಯೆಲ್ಲ ಮತ್ತೆ ಮತ್ತೆ ಬಿಗಿದ!

ಬೆಳಗಾಗುತ್ತಲೇ ಒಳಗಿನಿಂದ ಕೂಗು ಬಂತು. "ಏನ್ರಿ! ಕುಬಸದ ಸೀರಿ ಬರೇ ಮೈಲೇ ಬಿದ್ದದ. ಅದರ ಡಬ್ಬಿ ಎಲ್ಲಿ?"

"ಪ್ಯಾಕಿಂಗಿಗೆ ಬೇಕಾಗಿತ್ತು!"

"ಅಯ್ಯ, ಅದು ಪ್ಯಾಕಿಂಗ್ ಆಗೇ ಇತ್ತಲ್ರಿ!"

ಹಂಪಣ್ಣ ಹೊಸ ಎಣ್ಣೆಯ ಡಬ್ಬಿಯನ್ನು ಜೀಪಿನ ಪಕ್ಕಕ್ಕಿಟ್ಟು, ಮೈಗೆ ಹತ್ತಿದ ಕೊಳೆ ಉಜ್ಜಲು ಬಚ್ಚಲಿಗೆ ಓಡಿದ. ಹೊತ್ತಾಗುತ್ತಿತ್ತು. ಒಳಗಿನಿಂದಲೇ ಕೂಗಿದ: "ಏ, ಎಣ್ಣಿ ಹಾಕಿಬಿಡು! ಕಡಿಮಿ ಮಾಡಬ್ಯಾಡ!"

"ಹಾಕೀನ್ರಿ! ತುಂಬಿ ತುಳುಕೋ ಹಂಗ ಹಾಕೀನಿ!"

"ಶಹಬ್ಬಾಸ್!"

ಹೊರಗೆ ಬಂದವನೇ ಎಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಿರುವಿ ಬಿಗಿದು ಹೊರಟೇಬಿಟ್ಟ. ಎಂಥ ಗತ್ತು! ಕಲ್ಮಲದಲ್ಲಿ ಚಹದಂಗಡಿಯ ಮುಂದೆ ಬೇಕೆಂದೇ ನಿಲ್ಲಿಸಿ, ಎಲ್ಲರೆದುರು ಬಗ್ಗಿ ಜೀಪಿನಡಿ ನೋಡಿದ. ನೆಲ ಒಣ ಒಣ! ಒಂದು ಹನಿ ಇಲ್ಲ! ಹಂಪಣ್ಣನಿಗೆ ಕಣ್ಣಲ್ಲಿ ನೀರೇ ಬಂತು.

"ಗಡಿಗೆಪ್ಪ ಇವತ್ತು ನೋಡಬೇಕು!" ಎಂದು ಮತ್ತೆ ಓಡಿಸಿದ.

"ಹಿಂದ ಈ ಡಬ್ಬಿ ನನ್ನ ಕಾಲು ಜಜ್ಜಾಕತ್ತದ," ಎಂದಳು ನೀಲಗಂಗಮ್ಮ.

"ಖಾಲಿ ಡಬ್ಬಿ, ಅತ್ತಾಗ ಸರಸು."

"ಖಾಲಿ ಡಬ್ಬಿ ಇಷ್ಟು ಭಾರ ಇರತದೇನ್ರಿ?"

ಹಂಪಣ್ಣ ಗಕ್ಕನೆ ಹಿಂದಕ್ಕೆ ತಿರುಗಿ ನೋಡಿದ. ಅದೇ ಕ್ಷಣಕ್ಕೆ ಎಂಜಿನ್ನು ಕಟಕಟ ಹಲ್ಲು ಕಡಿದು, ಒಮ್ಮೆ ಬಿಕ್ಕಿ, ನಡುದಾರಿಯಲ್ಲಿ ಬಿಗಿದುಕೊಂಡು ನಿಂತಿತು.

"ನೀ... ಎಣ್ಣಿ ಎಲ್ಲಿ ಹಾಕಿದಿ?"

"ದೇವರ ದೀಪಕ್ಕ! ಊರಿಗೆ ಹೊಂಟಾಗ ದೀಪ ಆರಬಾರದಂತ ನೀವು ಕೂಗಿದ್ರಿ ಅನ್ಕೊಂಡೆ!"

"ಮತ್ತ ಈ ಡಬ್ಬಿ?"

"ಜೀಪಿನ ಹಂತೇಕ ಇದ್ದದ್ದೆಲ್ಲಾ ಒಯ್ಯೋ ಸಾಮಾನಂತ ಏರಿಸೀನಿ."

ಹಂಪಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಎಣ್ಣೆಯೇ ಇಲ್ಲದ ಮೇಲೆ ಸೋರುವುದು ಎಲ್ಲಿಂದ? ಹೋಳಿಗೆ ಬಿಸಿಲಿಗೆ ಬೆವರುತ್ತಿತ್ತು. ಅಲ್ಲಿ ಮಗಳು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರುತ್ತಾಳೆ ಎಂದು ನೆನೆದು ಅವನಿಗೆ ಅಳುವೇ ಬಂತು. ಅಷ್ಟರಲ್ಲಿ ಮಾನ್ವಿ ಕಡೆಯಿಂದ ದಡದಡ ಸದ್ದು. ಟ್ರ್ಯಾಕ್ಟರಿನ ಮೇಲೆ ಸಾಕ್ಷಾತ್ ಗಡಿಗೆಪ್ಪ!

"ಬರ್ರಿ ಬೀಗ್ರ! ಹೊತ್ತಾದ್ರೂ ಬರಲಿಲ್ಲ, ಹುಡಿಕ್ಕೊಂತ ಬಂದೆ. ನಿಮ್ಮ ಜೀಪಿನ ಮ್ಯಾಲ ನನಗ ಪೂರಾ ಭರವಸಿ ಇತ್ತು, ಎಲ್ಲ್ಯಾರ ನಿಂತೇ ನಿಂತಿರತದಂತ!"

ಟ್ರ್ಯಾಕ್ಟರಿಗೆ ಹಗ್ಗ ಬಿಗಿದು, ಹಿಂದೆ ಜೀಪು ಎಳೆಸಿಕೊಳ್ಳುತ್ತ, ಮೆರವಣಿಗೆ ಮಾನ್ವಿ ಸೇರಿತು. ಊಟದ ಎಲೆ ಹಾಸಿದ್ದರು. ಬಸವಂತಮ್ಮ ಓಡಿಬಂದು, "ಯಪ್ಪಾ, ಬಂದ್ಯಲ್ಲ, ಸಾಕು!" ಎಂದು ತಂದೆಯ ಕೈ ಹಿಡಿದಳು. ಡಬ್ಬಿಯಿಲ್ಲದ ಸೀರೆಯನ್ನೇ ಉಟ್ಟು ನಗುತ್ತ ಕುಬಸಕ್ಕೆ ಕೂತಳು. ಹಂಪಣ್ಣನ ಜೀವ ಮರಳಿ ಬಂತು.

ಊಟವಾದ ಮೇಲೆ ಗಡಿಗೆಪ್ಪ ಅಂಗಳಕ್ಕಿಳಿದು ಜೀಪಿನಡಿ ಇಣುಕಿದ. "ಅರೆ! ಒಂದು ಹನಿ ಇಲ್ಲಲ್ರಿ! ಯಾರ ಕೈಲೆ ಮಾಡಿಸಿದ್ರಿ?"

ನೀಲಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಂಪಣ್ಣ ಮಾತ್ರ ಸುಮ್ಮನಿರಲಾರದೆ ಮೀಸೆ ತೀಡಿದ. "ಯಾರ್ಯಾಕ? ನಾನೇ!"

"ಭಲೇ ಬೀಗ್ರ! ಹಂಗಾರ ನಮ್ಮ ಟ್ರ್ಯಾಕ್ಟರ್ನೂ ಸ್ವಲ್ಪ ಸೋರಾಕತ್ತದ. ಕೈ ಹಚ್ಚತೀರೇನು?"

ಹಂಪಣ್ಣ ಅಂಗಿಯ ತೋಳು ಮಡಚುತ್ತ ಎದ್ದೇಬಿಟ್ಟ! ನೀಲಗಂಗಮ್ಮ ಅವನಿಗಿಂತ ಮೊದಲು ಓಡಿ ಟ್ರ್ಯಾಕ್ಟರಿಗೆ ಅಡ್ಡ ನಿಂತಳು.

"ಬ್ಯಾಡ್ರಿ ಅಣ್ಣಾರ, ಕೈ ಮುಗಿತೀನಿ! ನಾವು ತಿರುಗಿ ರಾಯಚೂರಿಗೆ ಹೋಗಬೇಕು. ಇದೊಂದಾರ ಚಾಲೂ ಇರಲಿ!"